ಹಾರಬಹುದು ಎಂದು ಸಹಿ ಹಾಕುವವರು

ಬೆಂಗಳೂರಿನ ಎಚ್‌ಎಎಲ್ ಸುತ್ತಮುತ್ತ ವಾಸವಿರುವವರಿಗೆ ಚೇತಕ್ ಹೆಲಿಕಾಪ್ಟರಿನ ಸದ್ದು ಹೊಸದಲ್ಲ. ಫ್ರಾನ್ಸಿನ ಅಲುವೆಟ್ 3 ಮಾದರಿಗೆ ಪರವಾನಗಿ ಪಡೆದು 1960ರ ದಶಕದಿಂದ ಇಲ್ಲೇ ತಯಾರಿಸಿದ ಯಂತ್ರ ಅದು. ಅದರ ಆರ್ಟೂಸ್ಟ್ ಎಂಜಿನ್ ನಿಮಿಷಕ್ಕೆ 33,500 ಸುತ್ತು ತಿರುಗುತ್ತದೆ. ತಲೆಯ ಮೇಲಿನ ರೋಟರ್ ತಿರುಗುವುದು ಸುಮಾರು 350 ಸುತ್ತು. ನಡುವೆ ನಿಂತು ಆ ಹುಚ್ಚು ವೇಗವನ್ನು ಪಳಗಿಸಿ ಮೇಲಕ್ಕೆ ಕಳುಹಿಸುವುದು ಗೇರ್‌ಬಾಕ್ಸ್. 350 ಎಂದರೆ ನಿಧಾನ ಅನ್ನಿಸಬಹುದು. ಆದರೆ ಐದೂವರೆ ಮೀಟರ್ ಆಚೆ ಸುತ್ತುವ ರೆಕ್ಕೆಯ ತುದಿ ಅಷ್ಟರಲ್ಲೇ ಗಂಟೆಗೆ 700 ಕಿಲೋಮೀಟರ್ ದಾಟಿರುತ್ತದೆ. ಒಂದೊಂದು ರೆಕ್ಕೆಯೂ ತನ್ನ ಬುಡವನ್ನು ಹಲವು ಟನ್ ಬಲದಿಂದ ಹೊರಕ್ಕೆ ಜಗ್ಗುತ್ತಿರುತ್ತದೆ.

ವಿಮಾನದ ರೆಕ್ಕೆ ಒಂದು ಕಡೆ ಬಿಗಿದು ಕೂತಿರುತ್ತದೆ. ಹೆಲಿಕಾಪ್ಟರಿನ ರೆಕ್ಕೆ ಹಾಗಲ್ಲ. ಸುತ್ತುತ್ತಲೇ ಅದು ತನ್ನ ಓರೆಯನ್ನು ಬದಲಿಸಬೇಕು, ಗಾಳಿಗೆ ತಕ್ಕಂತೆ ಮೇಲೆ ಕೆಳಗೆ ಬಾಗಬೇಕು, ತುಸು ಹಿಂದೆ ಮುಂದೆ ಸರಿಯಬೇಕು. ಇಷ್ಟೂ ಒಂದೇ ಸುತ್ತಿನಲ್ಲಿ. ಗಂಟೆಗೆ 21,000 ಸುತ್ತು, ಅಷ್ಟೇ ಸಲ ಬಾಗುವಿಕೆ. ಲೋಹ ಒಂದು ದೊಡ್ಡ ಏಟಿಗೆ ಮುರಿಯುವುದು ಕಡಿಮೆ. ಇಂಥ ಲಕ್ಷಾಂತರ ಸಣ್ಣ ಬಾಗುವಿಕೆಗಳಿಂದ ಅದು ಒಳಗೊಳಗೇ ದಣಿಯುತ್ತದೆ, ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಒಂದು ದಿನ ಹೇಳದೆ ಕೇಳದೆ ತುಂಡಾಗುತ್ತದೆ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ವಿಮಾನಶಾಸ್ತ್ರದಲ್ಲಿ ಸುರಕ್ಷತೆ ಎಂದರೆ ಬಹುಮಟ್ಟಿಗೆ ಜೋಡಿ: ಎರಡು ಎಂಜಿನ್, ಎರಡು ಹೈಡ್ರಾಲಿಕ್ ವ್ಯವಸ್ಥೆ, ಒಂದು ಕೈಕೊಟ್ಟರೆ ಇನ್ನೊಂದು. ಹೆಲಿಕಾಪ್ಟರಿಗೂ ಎರಡು ಎಂಜಿನ್ ಕೂರಿಸಬಹುದು. ಆದರೆ ಮುಖ್ಯ ಗೇರ್‌ಬಾಕ್ಸ್ ಒಂದೇ, ರೋಟರ್ ಹೊತ್ತ ದಂಡ ಒಂದೇ, ಬಾಲದ ರೋಟರ್ ಒಂದೇ. ವಿಯೆಟ್ನಾಂ ಯುದ್ಧದ ಕಾಲದ ಅಮೆರಿಕನ್ ಸಿಪಾಯಿಗಳು ರೋಟರನ್ನು ದಂಡಕ್ಕೆ ಬಿಗಿಯುವ ದೊಡ್ಡ ನಟ್ಟಿಗೆ ‘ಜೀಸಸ್ ನಟ್’ ಎಂದು ಹೆಸರಿಟ್ಟಿದ್ದರು. ಅದು ಕಳಚಿದರೆ ದೇವರೇ ಗತಿ ಎಂಬ ಲೆಕ್ಕ. ಬದಲಿ ಇಡಲಾಗದ ಇಂಥ ಕಡೆಗಳಲ್ಲಿ ಬದಲಿಯಾಗಿ ನಿಲ್ಲುವುದು ನಿರ್ವಹಣೆ ಮಾಡುವವರ ಕಣ್ಣು, ಕೈ ಮತ್ತು ಅವರು ಬರೆದಿಡುವ ದಾಖಲೆ. ಈ ಮೂರರಲ್ಲಿ ಮೂರನೆಯದನ್ನು ನಾವು ಗುಮಾಸ್ತಗಿರಿ ಎಂದುಕೊಳ್ಳುತ್ತೇವೆ. ನನ್ನ ಮಟ್ಟಿಗೆ ಈ ಕಸುಬಿನ ಅತಿ ಸೂಕ್ಷ್ಮ ಕೆಲಸ ಅದೇ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಣ್ಣು ಮತ್ತು ಕೈ.

ದಿನದ ಮೊದಲ ಹಾರಾಟಕ್ಕೆ ಮುಂಚೆ ಒಂದು ತಪಾಸಣೆ ನಡೆಯುತ್ತದೆ. ಬೇಕಾದ ಸಾಮಾನು ಅಷ್ಟೇನಿಲ್ಲ: ಟಾರ್ಚು, ಕೋಲಿಗೆ ಕಟ್ಟಿದ ಪುಟ್ಟ ಕನ್ನಡಿ, ಒರೆಸುವ ಬಟ್ಟೆ. ಮೂತಿಯಿಂದ ಶುರುಮಾಡಿ ಒಂದೇ ದಿಕ್ಕಿನಲ್ಲಿ ಸುತ್ತು ಬರಬೇಕು, ಮೆಟ್ಟಿಲು ಹತ್ತಿ ಮುಚ್ಚಳಗಳನ್ನು ತೆಗೆದು ಒಳಗೆ ಇಣುಕಬೇಕು. ಅನುಭವಿಗಳು ಹುಡುಕುವುದು ಮುರಿದದ್ದನ್ನಲ್ಲ, ಮುರಿಯಲು ಹೊರಟದ್ದನ್ನು. ರಿವೆಟ್ಟಿನ ಸುತ್ತ ಕಪ್ಪು ಹೊಗೆಯಂಥ ಕಲೆ ಕಂಡರೆ ಆ ರಿವೆಟ್ ತನ್ನ ತೂತಿನಲ್ಲಿ ಅಲುಗಾಡುತ್ತಿದೆ ಎಂದರ್ಥ. ಬೇರಿಂಗ್ ಪಕ್ಕದಲ್ಲಿ ಕೆಂಗಂದು ಪುಡಿ ಇದ್ದರೆ ಉಕ್ಕು ಉಕ್ಕಿಗೆ ಉಜ್ಜುತ್ತಿದೆ. ಬಿಗಿದ ನಟ್ಟಿನ ಮೇಲಿಂದ ಪಕ್ಕದ ಲೋಹದವರೆಗೆ ಬಣ್ಣದ ಒಂದು ಗೆರೆ ಎಳೆದಿರುತ್ತಾರೆ. ಗೆರೆ ಒಡೆದಿದ್ದರೆ ನಟ್ಟು ಕದಲಿದೆ. ಅಳತೆಯ ಉಪಕರಣ ಯಾವುದೂ ಬೇಡ, ನೋಡುವ ತಾಳ್ಮೆ ಬೇಕು.

ಕಂಪನವೇ ಹೆಲಿಕಾಪ್ಟರಿನ ಸಹಜ ಸ್ಥಿತಿ ಆದ್ದರಿಂದ ಬಿಗಿದದ್ದೆಲ್ಲ ಸಡಿಲವಾಗಲು ಕಾದಿರುತ್ತದೆ. ಅದನ್ನು ತಡೆಯುವ ಉಪಾಯಗಳು ನೋಡಲು ತೀರಾ ಸಾದಾ. ಒಂದು ಸ್ಪ್ಲಿಟ್ ಪಿನ್: ಬೋಲ್ಟಿನ ತೂತಿನಲ್ಲಿ ತೂರಿಸಿ ಕಾಲುಗಳನ್ನು ಅಗಲಿಸಿ ಮಡಿಸುವ ಕಡ್ಡಿ. ಇನ್ನೊಂದು ಲಾಕ್ ವೈರ್. ಎರಡು ಬೋಲ್ಟುಗಳ ತಲೆಯ ತೂತಿನಲ್ಲಿ ತೆಳು ಉಕ್ಕಿನ ತಂತಿ ಪೋಣಿಸಿ, ಜಡೆ ಹೆಣೆದಂತೆ ತಿರುಚಿ ಬಿಗಿಯುತ್ತಾರೆ. ತಂತಿಯ ಎಳೆತ ಯಾವಾಗಲೂ ಬೋಲ್ಟು ಬಿಗಿಯಾಗುವ ಕಡೆಗೇ ಇರಬೇಕು. ಒಂದು ಬೋಲ್ಟು ಬಿಚ್ಚಿಕೊಳ್ಳಲು ಹೊರಟರೆ ಇನ್ನೊಂದನ್ನು ಬಿಗಿ ಮಾಡದೆ ಅದಕ್ಕೆ ದಾರಿಯಿಲ್ಲ. ಸಾಮಾನ್ಯ ದಪ್ಪದ ತಂತಿಗೆ ಇಂಚಿಗೆ ಆರರಿಂದ ಎಂಟು ತಿರುವು. ಕಡಿಮೆಯಾದರೆ ಸಡಿಲ, ಹೆಚ್ಚಾದರೆ ತಂತಿಯೇ ದಣಿದು ತುಂಡಾಗುತ್ತದೆ. ಬಿಚ್ಚಿದ ತಂತಿಯನ್ನಾಗಲಿ ಪಿನ್ನನ್ನಾಗಲಿ ಮತ್ತೆ ಬಳಸುವಂತಿಲ್ಲ. ಚೆನ್ನಾಗಿ ಹಾಕಿದ ಲಾಕ್ ವೈರ್ ಸಾಲನ್ನು ನೋಡಿ ಹಿರಿಯರು ‘ಇದು ಇಂಥವರ ಕೈ’ ಎಂದು ಗುರುತಿಸುವುದುಂಟು. ಗೇರ್‌ಬಾಕ್ಸಿನ ಹಿಂಬದಿಯಲ್ಲಿ, ಪ್ರಯಾಣಿಕರು ಎಂದೂ ನೋಡದ ಜಾಗದಲ್ಲಿ ಇಷ್ಟು ಅಚ್ಚುಕಟ್ಟು ಯಾಕೆ ಎಂದು ಕೇಳಬಹುದು. ಮುಂದಿನ ಸಲ ಟಾರ್ಚು ಬಿಡುವವರಿಗೆ ಅಚ್ಚುಕಟ್ಟಿನ ನಡುವೆ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ, ಅದಕ್ಕೆ.

ಗೇರ್‌ಬಾಕ್ಸಿನ ಒಳಗನ್ನು ದಿನವೂ ಬಿಚ್ಚಿ ನೋಡಲಾಗದು. ಹಾಗಾಗಿ ಅದರ ಆಯಿಲ್ ಹರಿಯುವ ದಾರಿಯಲ್ಲಿ ಅಯಸ್ಕಾಂತದ ಸಣ್ಣ ಬಿರಡೆ ಇಟ್ಟಿರುತ್ತಾರೆ. ಅದಕ್ಕೆ ಚಿಪ್ ಡಿಟೆಕ್ಟರ್ ಎಂದು ಹೆಸರು. ಸವೆದ ಲೋಹದ ಚೂರು ಅಲ್ಲಿ ಅಂಟಿ ಎರಡು ತುದಿಗಳನ್ನು ಸೇರಿಸಿದರೆ ಪೈಲಟ್ ಮುಂದೆ ದೀಪ ಉರಿಯುತ್ತದೆ. ಬಿರಡೆ ತೆಗೆದಾಗ ಅದರ ಮೇಲೆ ಇರುವುದು ಬೂದಿಯಂಥ ನುಣುಪು ಪುಡಿಯಾದರೆ ಸಹಜ ಸವೆತ, ಒರೆಸಿ ಹಾಕಬಹುದು. ಚಕ್ಕೆಯಾದರೆ ಕಥೆಯೇ ಬೇರೆ. ಎಷ್ಟು ಉದ್ದ, ಎಷ್ಟು ದಪ್ಪ, ಯಾವ ಲೋಹ ಎಂಬುದಕ್ಕೆ ಕೈಪಿಡಿಯಲ್ಲಿ ಮಿತಿಗಳಿವೆ. ಅನುಮಾನವಿದ್ದರೆ ಪ್ರಯೋಗಾಲಯಕ್ಕೆ ಹೋಗುತ್ತದೆ. ಬೇರಿಂಗಿನ ಉಕ್ಕೇ, ಗೇರಿನ ಉಕ್ಕೇ, ಅಥವಾ ಲೇಪದ ಚೂರೇ ಎಂಬುದರ ಮೇಲೆ ಕೋಟಿಗಟ್ಟಲೆ ರೂಪಾಯಿಯ ನಿರ್ಧಾರ ನಿಂತಿರುತ್ತದೆ.

ರೂಪಾಯಿಗಿಂತ ಹೆಚ್ಚಿನದೂ ನಿಂತಿರುತ್ತದೆ. 2009ರ ಮಾರ್ಚ್ 25ರಂದು ಸ್ಕಾಟ್ಲೆಂಡಿನಲ್ಲಿ ತೈಲ ಬಾವಿಗಳಿಗೆ ಹಾರುವ ಒಂದು ಸೂಪರ್ ಪ್ಯೂಮಾ ಹೆಲಿಕಾಪ್ಟರಿನ ಬಿರಡೆಯಲ್ಲಿ ಇಂಥದೊಂದು ಚೂರು ಸಿಕ್ಕಿತು. ನಿರ್ವಹಣೆಯವರು ಅದನ್ನು ಅಲಕ್ಷಿಸಲಿಲ್ಲ. ತಯಾರಕರೊಂದಿಗೆ ಫೋನು, ಇ-ಮೇಲ್ ಎರಡರಲ್ಲೂ ಮಾತಾಡಿದರು. ಆದರೆ ಇವರು ಹೇಳಿದ್ದು ಒಂದು, ಅವರು ತಿಳಿದದ್ದು ಇನ್ನೊಂದು ಆಗಿ, ಗೇರ್‌ಬಾಕ್ಸಿನ ಆ ಭಾಗವನ್ನು ಬಿಚ್ಚಿ ನೋಡುವುದು ತಪ್ಪಿಹೋಯಿತು. ಏಪ್ರಿಲ್ 1ರಂದು ಉತ್ತರ ಸಮುದ್ರದ ಮೇಲೆ ಒಳಗಿನ ಗೇರ್ ಒಡೆದು ರೋಟರ್ ಕಳಚಿಕೊಂಡಿತು. ಹದಿನಾರು ಜನ ತೀರಿಕೊಂಡರು. ಚೂರು ಸಿಕ್ಕಿತ್ತು, ಸಿಕ್ಕಿದ್ದು ಗೊತ್ತಿತ್ತು, ಪತ್ರವ್ಯವಹಾರವೂ ನಡೆದಿತ್ತು. ಈ ಕಸುಬಿನಲ್ಲಿ ಸ್ಪಷ್ಟವಾಗಿ ಬರೆಯುವುದು ಸ್ಪ್ಯಾನರ್ ಹಿಡಿಯುವಷ್ಟೇ ದೊಡ್ಡ ಕೌಶಲ ಎಂದು ನಾನು ಹೇಳುವುದು ಇದಕ್ಕೇ.

ರೆಕ್ಕೆಗಳ ವಿಷಯ ಸ್ವಲ್ಪ ಹಗುರ, ಹಾಗೇ ಸೊಗಸು ಕೂಡ. ಇಂದಿನ ರೆಕ್ಕೆಗಳು ಹೆಚ್ಚಾಗಿ ನಾರು ಮತ್ತು ರಾಳದ ಪದರಗಳಿಂದ ಆದವು, ಒಳಗೆ ಜೇನುಗೂಡಿನಂಥ ತಿರುಳು. ಪದರ ಎಲ್ಲಾದರೂ ಬಿಟ್ಟಿದೆಯೇ ಎಂದು ಹೊರಗಿನಿಂದ ಕಾಣುವುದಿಲ್ಲ. ಆಗ ಒಂದು ನಾಣ್ಯವನ್ನೋ ಪುಟ್ಟ ಸುತ್ತಿಗೆಯನ್ನೋ ಹಿಡಿದು ರೆಕ್ಕೆಯ ಉದ್ದಕ್ಕೂ ಬೆರಳಗಲಕ್ಕೊಂದು ಸಲ ಮೆಲ್ಲಗೆ ತಟ್ಟುತ್ತಾ ಹೋಗುತ್ತಾರೆ. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರು ಬೆರಳ ಗಂಟಿನಿಂದ ಬಡಿದು ಕಿವಿಗೊಡುವ ಹಾಗೆಯೇ. ಗಟ್ಟಿ ಜಾಗದಲ್ಲಿ ‘ಟಣ್’ ಎನ್ನುವ ದನಿ, ಪದರ ಬಿಟ್ಟ ಕಡೆ ‘ಡಬ್’ ಎನ್ನುವ ಮೊದ್ದು ದನಿ. ಅಲ್ಟ್ರಾಸೌಂಡ್ ಯಂತ್ರಗಳು ಬಂದ ಮೇಲೂ ಹಲವು ತಯಾರಕರ ಕೈಪಿಡಿಗಳಲ್ಲಿ ಈ ಪರೀಕ್ಷೆ ಉಳಿದಿದೆ.

ಎಲ್ಲ ರೆಕ್ಕೆಗಳೂ ಒಂದೇ ಎತ್ತರದಲ್ಲಿ, ಒಂದೇ ಜಾಡಿನಲ್ಲಿ ಓಡಬೇಕು. ಇಲ್ಲದಿದ್ದರೆ ಹೆಲಿಕಾಪ್ಟರ್ ಸುತ್ತಿಗೊಮ್ಮೆ ಕುಪ್ಪಳಿಸುತ್ತದೆ. ಹಿಂದೆ ಇದನ್ನು ಪರೀಕ್ಷಿಸುತ್ತಿದ್ದ ಬಗೆ ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಂದೊಂದು ರೆಕ್ಕೆಯ ತುದಿಗೂ ಒಂದೊಂದು ಬಣ್ಣದ ಸೀಮೆಸುಣ್ಣ ಬಳಿದು, ರೋಟರ್ ತಿರುಗಿಸಿ, ಉದ್ದ ಕೋಲಿಗೆ ಕಟ್ಟಿದ ಬಟ್ಟೆಯ ಬಾವುಟವನ್ನು ಒಬ್ಬರು ಮೆಲ್ಲಗೆ ರೆಕ್ಕೆಯ ತುದಿಗೆ ತಾಕಿಸುತ್ತಿದ್ದರು. ಬಟ್ಟೆಯ ಮೇಲೆ ಬಣ್ಣದ ಗೆರೆಗಳು ಬೀಳುತ್ತಿದ್ದವು. ಕೆಂಪು ಗೆರೆ ನೀಲಿಗಿಂತ ಅರ್ಧ ಇಂಚು ಮೇಲಿದ್ದರೆ ಕೆಂಪು ರೆಕ್ಕೆಯ ಓರೆಯನ್ನು ಕೂದಲಷ್ಟು ತಗ್ಗಿಸಬೇಕು. ಈಗ ಆ ಸಾಹಸ ಬೇಕಿಲ್ಲ. ಸಂವೇದಕಗಳು ಕಂಪನವನ್ನು ಸೆಕೆಂಡಿಗೆ ಇಷ್ಟು ಇಂಚು ಎಂದು ಅಳೆಯುತ್ತವೆ, 0.2ಕ್ಕಿಂತ ಕೆಳಗೆ ತಂದರೆ ಸಾಮಾನ್ಯವಾಗಿ ಒಳ್ಳೆಯ ಕೆಲಸ ಎನ್ನುತ್ತಾರೆ. ಎಲ್ಲಿ ಎಷ್ಟು ಗ್ರಾಂ ತೂಕ ಸೇರಿಸಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಆದರೂ ಒಂದನ್ನು ತಿದ್ದಿದರೆ ಇನ್ನೊಂದು ಕೆಡುವ ಸ್ವಭಾವ ರೋಟರಿನದು. ನೆಲದಲ್ಲಿ ಸರಿಯಿದ್ದದ್ದು ಮುನ್ನುಗ್ಗುವಾಗ ನಡುಗಬಹುದು. ಕೊನೆಗೆ ಸಹನೆಯೇ ಗೆಲ್ಲಬೇಕು.

ಈಗ ಕಾಗದದ ಮಾತು.

ಹೆಲಿಕಾಪ್ಟರಿನ ಮುಖ್ಯ ಭಾಗಗಳಿಗೆಲ್ಲ ಆಯುಸ್ಸು ಬರೆದಿಟ್ಟಿರುತ್ತದೆ. ಕೆಲವಕ್ಕೆ ಹಾರಾಟದ ಗಂಟೆಗಳಲ್ಲಿ, ಕೆಲವಕ್ಕೆ ಏರಿಳಿತಗಳ ಲೆಕ್ಕದಲ್ಲಿ, ಕೆಲವಕ್ಕೆ ವರ್ಷಗಳಲ್ಲಿ. ತರಬೇತಿಗೆ ಹೆಚ್ಚು ಬಳಕೆಯಾಗುವ ರಾಬಿನ್‌ಸನ್ ಆರ್44 ಹೆಲಿಕಾಪ್ಟರಿಗೆ 2,200 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಆಗ ಪೂರ್ಣ ಓವರ್‌ಹಾಲ್. ನಮ್ಮೂರುಗಳಿಂದ ಕೇದಾರನಾಥಕ್ಕೆ ಹೋದವರು ಫಾಟಾದಿಂದಲೋ ಗುಪ್ತಕಾಶಿಯಿಂದಲೋ ಹೆಲಿಕಾಪ್ಟರ್ ಹತ್ತಿರಬಹುದು; ಕೆಲವೇ ನಿಮಿಷದ ಹಾರಾಟ, ದಿನಕ್ಕೆ ಹತ್ತಾರು ಸಲ. ಗಂಟೆಯ ಲೆಕ್ಕದಲ್ಲಿ ಅಲ್ಪ, ಏರಿಳಿತದ ಲೆಕ್ಕದಲ್ಲಿ ಭಾರಿ. ಪ್ರತಿ ಏರಿಕೆಯಲ್ಲೂ ಗೇರ್‌ಬಾಕ್ಸ್ ಪೂರ್ತಿ ಬಲ ಹೊರುತ್ತದೆ. ಆದ್ದರಿಂದ ಅಂಥ ಹೆಲಿಕಾಪ್ಟರಿನ ಕೆಲವು ಭಾಗಗಳು ಗಂಟೆ ಮುಗಿಯುವ ಮೊದಲೇ ಏರಿಳಿತ ಮುಗಿಸಿ ನಿವೃತ್ತಿಯಾಗುತ್ತವೆ.

ನೋಡಲು ಹೊಸದರಂತೆ ಹೊಳೆಯುವ ಭಾಗವೂ ಆಯುಸ್ಸು ಮುಗಿದ ದಿನ ಕಸ. ಅದನ್ನು ಸುಮ್ಮನೆ ಬಿಸಾಡುವಂತಿಲ್ಲ; ಕತ್ತರಿಸಿಯೋ ತೂತು ಕೊರೆದೋ ಯಾರೂ ಮತ್ತೆ ಬಳಸದಂತೆ ಹಾಳುಮಾಡಬೇಕು. ಇಲ್ಲವಾದರೆ ಗುಜರಿಯಿಂದ ಹೊಳಪು ಪಡೆದು ಸುಳ್ಳು ಕಾಗದದೊಂದಿಗೆ ಮಾರುಕಟ್ಟೆಗೆ ವಾಪಸ್ ಬರುತ್ತದೆ. ಅದಕ್ಕೇ ಪ್ರತಿ ಭಾಗವೂ ಅಧಿಕೃತ ಬಿಡುಗಡೆ ಪತ್ರದೊಂದಿಗೆ ಬರಬೇಕು. ಪತ್ರ ಕಳೆದುಹೋದರೆ ಭಾಗ ಎಷ್ಟೇ ಚೆನ್ನಾಗಿದ್ದರೂ ಬಳಸುವಂತಿಲ್ಲ. ಅದು ಎಷ್ಟು ಸುತ್ತು ತಿರುಗಿದೆ ಎಂಬುದನ್ನು ಲೋಹ ಹೇಳುವುದಿಲ್ಲ, ಕಾಗದ ಮಾತ್ರ ಹೇಳುತ್ತದೆ.

ಭಾರತದಲ್ಲಿ ನಾಗರಿಕ ಹೆಲಿಕಾಪ್ಟರುಗಳ ಈ ಲೆಕ್ಕವನ್ನೆಲ್ಲ ಕೇಳುವ ಹಕ್ಕು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎದು. 1934ರ ವಿಮಾನ ಕಾಯ್ದೆಯ ಜಾಗದಲ್ಲಿ ಈಗ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಸೇನೆಯ ಯಂತ್ರಗಳ ಹಾರಾಟ ಯೋಗ್ಯತೆಯನ್ನು ನೋಡುವ ಸೆಮಿಲಾಕ್ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ನಾಗರಿಕ ವಲಯದಲ್ಲಿ ದುರಸ್ತಿ ಮಾಡುವ ಸಂಸ್ಥೆಗೆ ಒಂದು ಅನುಮೋದನೆ, ಯಾವ ಕೆಲಸ ಯಾವಾಗ ಆಗಬೇಕೆಂದು ಲೆಕ್ಕವಿಡುವ ಸಂಸ್ಥೆಗೆ ಇನ್ನೊಂದು, ಸಹಿ ಹಾಕುವ ಎಂಜಿನಿಯರಿಗೆ ವೈಯಕ್ತಿಕ ಲೈಸೆನ್ಸು. ವರ್ಷಕ್ಕೊಮ್ಮೆ ಹೆಲಿಕಾಪ್ಟರನ್ನೂ ಅದರ ದಾಖಲೆಗಳನ್ನೂ ಎದುರುಬದುರು ಇಟ್ಟು ಪರಿಶೀಲಿಸಿ ಹಾರಾಟ ಯೋಗ್ಯತೆಯ ಪತ್ರವನ್ನು ನವೀಕರಿಸಬೇಕು.

ನಿಯಮ ಎಂದರೆ ಕಛೇರಿಯಲ್ಲಿ ಕೂತವರ ಕಿರುಕುಳ ಎನ್ನುವವರಿಗೆ ಕೆನಡಾದ ಒಂದು ಪ್ರಸಂಗ ಹೇಳಬೇಕು. ಸಿಕೋರ್ಸ್ಕಿ ಎಸ್-92 ಹೆಲಿಕಾಪ್ಟರಿನ ಗೇರ್‌ಬಾಕ್ಸಿಗೆ ಆಯಿಲ್ ಫಿಲ್ಟರ್ ಬಟ್ಟಲನ್ನು ಹಿಡಿದಿದ್ದದ್ದು ಟೈಟಾನಿಯಂ ಸ್ಟಡ್‌ಗಳು. 2008ರಲ್ಲಿ ಆಸ್ಟ್ರೇಲಿಯದಲ್ಲಿ ಒಮ್ಮೆ ಅವು ಮುರಿದು ಆಯಿಲ್ ಸೋರಿತ್ತು. 2009ರ ಜನವರಿಯಲ್ಲಿ ಕಂಪನಿ ಒಂದು ಬುಲೆಟಿನ್ ಹೊರಡಿಸಿ, ಅವುಗಳ ಬದಲು ಉಕ್ಕಿನವನ್ನು 1,250 ಗಂಟೆ ಅಥವಾ ಒಂದು ವರ್ಷದೊಳಗೆ ಹಾಕಿ ಎಂದಿತು. ಮಾರ್ಚ್ 12ರಂದು ನ್ಯೂಫೌಂಡ್‌ಲ್ಯಾಂಡ್ ಬಳಿ ಅದೇ ಸ್ಟಡ್ ಮುರಿದು ಒಂದು ಎಸ್-92 ಸಮುದ್ರಕ್ಕೆ ಬಿತ್ತು. ಹದಿನೆಂಟು ಜನರಲ್ಲಿ ಉಳಿದದ್ದು ಒಬ್ಬರು. ಅದೇ ತಿಂಗಳು ಅಮೆರಿಕದ ವಿಮಾನಯಾನ ಆಡಳಿತ ತುರ್ತು ಆದೇಶ ಹೊರಡಿಸಿತು: ಮುಂದಿನ ಹಾರಾಟಕ್ಕೆ ಮೊದಲೇ ಬದಲಿಸಿ. ತಯಾರಕರ ಬುಲೆಟಿನ್‌ಗೂ ಸರ್ಕಾರದ ಕಡ್ಡಾಯ ಆದೇಶಕ್ಕೂ ಇರುವ ವ್ಯತ್ಯಾಸವನ್ನು ಕಲಿಸಲು ಇದಕ್ಕಿಂತ ಕಹಿಯಾದ ಪಾಠ ಸಿಗದು. ನಮ್ಮ ದೇಶದಲ್ಲೂ 2025ರ ಜನವರಿಯಲ್ಲಿ ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ ಬಿದ್ದಾಗ, ಬೆಂಗಳೂರಿನಲ್ಲಿ ವಿನ್ಯಾಸಗೊಂಡು ತಯಾರಾದ ಆ ಮಾದರಿಯ ಎಲ್ಲ ಹೆಲಿಕಾಪ್ಟರುಗಳನ್ನೂ ನೆಲಕ್ಕಿಳಿಸಿ ನಿಲ್ಲಿಸಿದರು. ಅನುಮಾನ ಬಂದದ್ದು ಸ್ವಾಶ್‌ಪ್ಲೇಟ್ ಎಂಬ ಒಂದು ಭಾಗದ ಮೇಲೆ.

ಎಷ್ಟೇ ನಿಯಮವಿದ್ದರೂ ಕೊನೆಗೆ ಅದು ಒಬ್ಬರ ಕೈಬೆರಳಿಗೆ ಬಂದು ನಿಲ್ಲುತ್ತದೆ. 2011ರ ಡಿಸೆಂಬರ್ 7ರ ಸಂಜೆ ಅಮೆರಿಕದ ಲಾಸ್ ವೇಗಸ್‌ನಿಂದ ಹೂವರ್ ಅಣೆಕಟ್ಟು ತೋರಿಸಲು ಹೊರಟ ಪ್ರವಾಸಿ ಹೆಲಿಕಾಪ್ಟರ್ ಇದ್ದಕ್ಕಿದ್ದಂತೆ ಮೇಲಕ್ಕೆ ಚಿಮ್ಮಿ, ತಿರುಗಿ, ಬೆಟ್ಟದ ಕಣಿವೆಗೆ ಬಿತ್ತು. ಪೈಲಟ್ ಮತ್ತು ನಾಲ್ವರು ಪ್ರವಾಸಿಗರು ಸತ್ತರು. ಹಿಂದಿನ ದಿನವಷ್ಟೇ ಅದರ ನೂರು ಗಂಟೆಯ ತಪಾಸಣೆ ನಡೆದು, ರೋಟರಿನ ಓರೆಯನ್ನು ನಡೆಸುವ ಒಂದು ಸರ್ವೋ ಬದಲಾಗಿತ್ತು. ತನಿಖೆಯಲ್ಲಿ ಕಂಡದ್ದು: ಆ ಸರ್ವೋಗೆ ಕೊಂಡಿ ಹಾಕುವ ಬೋಲ್ಟಿಗೆ ಹಿಡಿತ ಕಳೆದುಕೊಂಡ ಹಳೆಯ ನಟ್ಟನ್ನೇ ಮತ್ತೆ ಹಾಕಿದ್ದರು, ಅದನ್ನು ಕಾಯಬೇಕಿದ್ದ ಸ್ಪ್ಲಿಟ್ ಪಿನ್ ಹಾಕಿರಲಿಲ್ಲ ಅಥವಾ ಸರಿಯಾಗಿ ಹಾಕಿರಲಿಲ್ಲ. ಆಮೇಲೆ ನೋಡಬೇಕಾದವರ ಕಣ್ಣಿಗೂ ಅದು ಬೀಳಲಿಲ್ಲ. ವರದಿ ಅಷ್ಟಕ್ಕೇ ನಿಲ್ಲದೆ ಇನ್ನೂ ಎರಡು ಮಾತು ಸೇರಿಸಿತು. ಮೆಕ್ಯಾನಿಕ್ ಮತ್ತು ಪರಿಶೀಲಕ ಇಬ್ಬರೂ ದಣಿದಿದ್ದರು. ಕೆಲಸದ ಕ್ರಮವನ್ನು ಹಂತಹಂತವಾಗಿ ಬಿಡಿಸಿ ಬರೆದ ಪಟ್ಟಿ ಅವರ ಮುಂದಿರಲಿಲ್ಲ.

ನುರಿತವರೇ ಹೀಗೆ ಎಡವುತ್ತಾರೆ ಎನ್ನುವುದನ್ನು ಈ ಕಸುಬು ಒಪ್ಪಿಕೊಂಡಿದೆ. ನಿಯಂತ್ರಣದ ಭಾಗಗಳನ್ನು ಮುಟ್ಟಿದರೆ ಎರಡನೆಯವರು ಬಂದು ಸ್ವತಂತ್ರವಾಗಿ ನೋಡಬೇಕೆಂಬ ನಿಯಮ ಅದರಿಂದಲೇ ಹುಟ್ಟಿದ್ದು. ಗೋಡೆಯ ಹಲಗೆಯಲ್ಲಿ ಪ್ರತಿ ಸ್ಪ್ಯಾನರಿನ ನೆರಳನ್ನು ಬಣ್ಣದಲ್ಲಿ ಬರೆದಿಟ್ಟಿರುತ್ತಾರೆ. ಸಂಜೆ ಒಂದು ನೆರಳು ಖಾಲಿ ಉಳಿದರೆ ಹೆಲಿಕಾಪ್ಟರ್ ಹೊರಡುವಂತಿಲ್ಲ. ಮೂವತ್ತು ವರ್ಷ ಅದೇ ಕೆಲಸ ಮಾಡಿದವರೂ ಕೈಪಿಡಿಯನ್ನು ಪಕ್ಕದಲ್ಲಿ ಬಿಡಿಸಿಟ್ಟು, ಅದು ಹೊಸ ಆವೃತ್ತಿಯೇ ಎಂದು ಖಚಿತಪಡಿಸಿಕೊಂಡು ಬೋಲ್ಟು ಬಿಗಿಯುತ್ತಾರೆ. ಬೇರೆ ಕಸುಬುಗಳಲ್ಲಿ ಪುಸ್ತಕ ನೋಡದೆ ಮಾಡುವವರನ್ನು ಉಸ್ತಾದ್ ಎನ್ನುತ್ತೇವೆ. ಇಲ್ಲಿ ಅಂಥವರಿಗೆ ಹ್ಯಾಂಗರಿನ ಬಾಗಿಲು ತೋರಿಸುತ್ತಾರೆ.

ಕೆಲಸ ಮುಗಿದ ಮೇಲೆ ಲೈಸೆನ್ಸು ಪಡೆದ ಎಂಜಿನಿಯರ್ ಬಿಡುಗಡೆಯ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಾರೆ. ಆ ಸಹಿಯಿಲ್ಲದೆ ಪೈಲಟ್ ಹಾರಿಸುವಂತಿಲ್ಲ, ಮಾಲೀಕರು ಎಷ್ಟೇ ದೊಡ್ಡವರಾದರೂ ಹತ್ತುವಂತಿಲ್ಲ. ನಮ್ಮಲ್ಲಿ ಚುನಾವಣೆ ಬಂತೆಂದರೆ ದಿನಕ್ಕೆ ನಾಲ್ಕೈದು ಸಭೆ, ಎಲ್ಲ ಕಡೆ ಜನ ಕಾದಿರುತ್ತಾರೆ, ನಾಯಕರಿಗೆ ಪುರುಸೊತ್ತಿಲ್ಲ. ಅಂಥ ಹೊತ್ತಿನಲ್ಲಿ ‘ಇವತ್ತು ಆಗೋದಿಲ್ಲ ಸಾರ್’ ಎನ್ನುವುದಕ್ಕೆ ಬೇಕಾದ ಎದೆಗಾರಿಕೆಯನ್ನು ಯಾವ ಕೈಪಿಡಿಯೂ ಕಲಿಸುವುದಿಲ್ಲ. ಕಾನೂನು ಮಾತ್ರ ಅವರ ಬೆನ್ನಿಗೆ ನಿಂತಿರುತ್ತದೆ. ಕೆಲಸ ಮಾಡದೆ ಸಹಿ ಹಾಕುವವರು ಈ ವಲಯದಲ್ಲಿ ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಅಂಥ ಸಹಿಯ ಕೆಳಗೂ ಹೆಸರು, ಲೈಸೆನ್ಸ್ ಸಂಖ್ಯೆ, ದಿನಾಂಕ ಇರುತ್ತವೆ. ಮುಂದೆ ಏನಾದರೂ ಆದರೆ ತನಿಖಾಧಿಕಾರಿ ಮೊದಲು ತೆರೆಯುವ ಪುಟ ಅದೇ.

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ ಮಕ್ಕಳಿಗೆ ಈ ದಾರಿ ತೆರೆದಿದೆ. ವಿಮಾನ ನಿರ್ವಹಣಾ ಎಂಜಿನಿಯರ್ ಲೈಸೆನ್ಸಿನಲ್ಲಿ ಟರ್ಬೈನ್ ಹೆಲಿಕಾಪ್ಟರುಗಳಿಗೆ ಬಿ1.3, ಪಿಸ್ಟನ್ ಹೆಲಿಕಾಪ್ಟರುಗಳಿಗೆ ಬಿ1.4, ಎಲೆಕ್ಟ್ರಾನಿಕ್ಸ್‌ಗೆ ಬಿ2 ಎಂಬ ವಿಭಾಗಗಳಿವೆ. ಡಿಜಿಸಿಎ ಪರೀಕ್ಷೆಗಳ ಜೊತೆಗೆ ಹ್ಯಾಂಗರಿನ ಅನುಭವವೂ ಬೇಕು, ಆಮೇಲೆ ಒಂದೊಂದು ಮಾದರಿಗೂ ಪ್ರತ್ಯೇಕ ಅರ್ಹತೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ಅಲ್ಲಿ ತಯಾರಾಗಿ ಹೊರಬರುವ ಒಂದೊಂದು ಯಂತ್ರಕ್ಕೂ ದಶಕಗಳ ಕಾಲ ಇಂಥ ಕೈಗಳು ಬೇಕಾಗುತ್ತವೆ. ಮಗನನ್ನೋ ಮಗಳನ್ನೋ ಸೇರಿಸುವ ಯೋಚನೆ ಇದ್ದರೆ, ಜಾಹೀರಾತು ನಂಬಿ ಶುಲ್ಕ ಕಟ್ಟುವ ಮೊದಲು ಆ ಸಂಸ್ಥೆಯ ಹೆಸರು ಡಿಜಿಸಿಎ ಅನುಮೋದಿಸಿದ ಪಟ್ಟಿಯಲ್ಲಿ ಇದೆಯೇ, ಯಾವ ವಿಭಾಗಕ್ಕೆ ಅನುಮೋದನೆ ಇದೆ, ಅದರ ಅವಧಿ ಮುಗಿದಿಲ್ಲ ತಾನೆ ಎಂದು ನೀವೇ ನೋಡಿಕೊಳ್ಳಿ.